ಅಡುಗೆಮನೆಯಲ್ಲಿ ಟವರ್ ಇಲ್ಲ

ನಮ್ಮ ರೂಮಿನ ಬಾಗಿಲ ಹಿಂದೆ ಒಂದು ಎ4 ಹಾಳೆ ಅಂಟಿಸಿದ್ದೆವು. ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ‘ನೆಟ್‌ವರ್ಕ್ ದವಾಖಾನೆ’ ಅಂತ ಬರೆದಿತ್ತು. ದವಾಖಾನೆ ಅನ್ನೋ ಪದ ಗದಗಿನವನದು. ಆಸ್ಪತ್ರೆ ಅಂತ ಬರೀಬೇಕು ಎಂದು ಮಂಡ್ಯದವನು ಅರ್ಧ ಗಂಟೆ ಜಗಳ ಮಾಡಿದ್ದ. ಸಾಗರದವನು ಮಾತ್ರ, ಯಾವುದಾದ್ರೂ ಬರ್ಕೊಳ್ಳಿ, ನಂಗೆ ನಿದ್ದೆ ಮಾಡೋಕೆ ಬಿಡಿ ಅಂದಿದ್ದ. ಈ ಮೂವರೇ ನಾವು. ಮೂವರೂ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ವೈರ್‌ಲೆಸ್ ಪೇಪರಿನಲ್ಲಿ ಮೂವರದೂ ಒಳ್ಳೇ ಮಾರ್ಕ್ಸು. ಹಾಗಾಗಿ ಹಾಸ್ಟೆಲಿನಲ್ಲಿ ಯಾರ ಫೋನಿಗೆ ನೆಟ್ ಬರದಿದ್ದರೂ ನಮ್ಮ ಬಾಗಿಲು ಬಡಿಯುವುದು ರೂಢಿಯಾಗಿತ್ತು.

ದವಾಖಾನೆ ಶುರುವಾಗಿದ್ದು ಒಬ್ಬ ಜೂನಿಯರ್‌ನಿಂದ. ಫೋನಿನಲ್ಲಿ ನಾಲ್ಕೂ ಕಡ್ಡಿ ಇವೆ, 4ಜಿ ಅಂತ ಬರೆದಿದೆ, ಕರೆ ಹೋಗುತ್ತೆ, ಬರುತ್ತೆ, ಆದ್ರೆ ಒಂದು ವೆಬ್‌ಪೇಜೂ ತೆರೆಯಲ್ಲ. ಎರಡು ದಿನದಿಂದ ಅವನು ಫೋನ್ ಆಫ್ ಮಾಡಿ ಆನ್ ಮಾಡಿ ಸುಸ್ತಾಗಿದ್ದ. ನಾವು ಡೇಟಾ ಪ್ಯಾಕ್ ನೋಡಿದೆವು, ಎಪಿಎನ್ ನೋಡಿದೆವು, ಡೇಟಾ ಯಾವ ಸಿಮ್ಮಿಗೆ ಕೊಟ್ಟಿದಾನೆ ನೋಡಿದೆವು. ಎಲ್ಲ ಸರಿ. ಕೊನೆಗೆ ಸಿಕ್ಕಿದ್ದು ಪ್ರೈವೇಟ್ ಡಿಎನ್‌ಎಸ್. ಜಾಹೀರಾತು ಬರಬಾರದು ಅಂತ ಯಾವುದೋ ವಿಡಿಯೋ ನೋಡಿ ಒಂದು ಸರ್ವರ್ ಹೆಸರು ಹಾಕಿಕೊಂಡಿದ್ದ. ಆ ಸರ್ವರ್ ನಿಂತುಹೋಗಿತ್ತು. ಫೋನು ಟವರಿನ ಜೊತೆ ಚೆನ್ನಾಗೇ ಮಾತಾಡುತ್ತಿತ್ತು, ಆದರೆ ಯಾವ ಸೈಟಿನ ವಿಳಾಸ ಯಾವುದು ಅಂತ ಹೇಳೋರು ಯಾರೂ ಇರಲಿಲ್ಲ. ‘ಆಟೋಮ್ಯಾಟಿಕ್’ ಅಂತ ಬದಲಿಸಿದ್ದೇ ತಡ, ಎರಡು ದಿನದ ವಾಟ್ಸಾಪ್ ಒಟ್ಟಿಗೇ ಬಂದು ಬಿತ್ತು. ಅವತ್ತಿಂದ ನಮಗೆ ಸ್ವಲ್ಪ ಕೊಂಬು.

ನಿಜ ಹೇಳಬೇಕೆಂದರೆ ನಮ್ಮ ಚಿಕಿತ್ಸೆಯ ಬಹುಪಾಲು ಏರೋಪ್ಲೇನ್ ಮೋಡ್. ಆನ್ ಮಾಡು, ಹತ್ತು ಎಣಿಸು, ಆಫ್ ಮಾಡು. ನಗಬೇಡಿ, ಅದರಲ್ಲಿ ಅರ್ಥ ಇದೆ. ಫೋನಿನ ರೇಡಿಯೋ ಪೂರ್ತಿ ನಿಂತು ಮತ್ತೆ ಶುರುವಾಗುತ್ತೆ, ಸುತ್ತಲಿನ ಸೆಲ್‌ಗಳನ್ನು ಹೊಸದಾಗಿ ಹುಡುಕುತ್ತೆ, ನೆಟ್‌ವರ್ಕಿಗೆ ಹೊಸದಾಗಿ ಹೆಸರು ನೋಂದಾಯಿಸುತ್ತೆ. ದೂರದ ಟವರಿಗೆ ಅಂಟಿಕೊಂಡು ಕೂತಿದ್ದ ಫೋನು ಹತ್ತಿರದ್ದಕ್ಕೆ ಬರುತ್ತೆ. ಹೆಚ್ಚಿನ ರೋಗಿಗಳು ಅಷ್ಟಕ್ಕೇ ಗುಣವಾಗಿ ಹೋಗುತ್ತಿದ್ದರು. ಆಗದಿದ್ದರೆ ಸಿಮ್ ತೆಗೆದು ಒರೆಸಿ ಹಾಕುವುದು. ಅದಕ್ಕೂ ಬಗ್ಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ರೀಸೆಟ್ ಮಾಡಿದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೂ ಬ್ಲೂಟೂತ್ ಜೋಡಣೆಗಳೂ ಹೋಗುತ್ತವೆ ಅಂತ ಮೊದಲೇ ಹೇಳದೆ, ಫೈನಲ್ ಇಯರ್ ಸೀನಿಯರ್ ಒಬ್ಬರಿಂದ ಚೆನ್ನಾಗಿ ಉಗಿಸಿಕೊಂಡಿದ್ದೂ ಇದೆ.

ಫೆಸ್ಟ್ ದಿನ ಮಾತ್ರ ದವಾಖಾನೆಗೆ ಬೀಗ. ಮೈದಾನದಲ್ಲಿ ಸಾವಿರಾರು ಜನ, ಎಲ್ಲರ ಫೋನಲ್ಲೂ ಪೂರ್ತಿ ಸಿಗ್ನಲ್, ಒಬ್ಬರದೂ ಫೋಟೋ ಹೋಗಲ್ಲ. ಕಡ್ಡಿಗಳು ತೋರಿಸುವುದು ಟವರಿನ ದನಿ ನಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಅನ್ನುವುದನ್ನು. ನಮ್ಮ ಮಾತು ಕೇಳಿಸಿಕೊಳ್ಳಲು ಟವರಿಗೆ ಪುರುಸೊತ್ತಿದೆಯೇ ಅನ್ನುವುದನ್ನಲ್ಲ. ಅದರ ಮೇಲೆ, ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಅನ್ನುವುದನ್ನು ಫೋನ್ ತಯಾರಿಸುವವರೇ ತೀರ್ಮಾನ ಮಾಡುತ್ತಾರೆ, ಒಬ್ಬರ ಮೂರು ಕಡ್ಡಿ ಇನ್ನೊಬ್ಬರ ಎರಡು. ಹಾಗಾಗಿ ನಾವು ಕಡ್ಡಿ ನಂಬುವುದನ್ನು ಬಿಟ್ಟು ಸಂಖ್ಯೆ ನೋಡುತ್ತಿದ್ದೆವು. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಡಯಲರ್ ತೆಗೆದು *#*#4636#*#* ಒತ್ತಿದರೆ ಒಂದು ಗುಪ್ತ ಮೆನು ತೆರೆಯುತ್ತದೆ. ಅಲ್ಲಿ 4ಜಿ ಸಿಗ್ನಲ್ಲಿನ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತೆ. ಮೈನಸ್ 80 ಅಂದರೆ ಹಬ್ಬ, ಮೈನಸ್ 100 ಅಂದರೆ ಪರವಾಗಿಲ್ಲ, ಮೈನಸ್ 110 ದಾಟಿದರೆ ಏದುಸಿರು, 120 ಅಂದರೆ ಇನ್ನೇನು ಹೋಯ್ತು. ಮೈನಸ್ 110 ಡಿಬಿಎಂ ಅಂದರೆ ಒಂದು ಮಿಲಿವ್ಯಾಟಿನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೂ ಮಾತು ಹುಡುಕಿ ತೆಗೆಯುತ್ತದಲ್ಲ ಈ ಫೋನು ಅನ್ನೋದು ನಮಗೆ ಇವತ್ತಿಗೂ ಸೋಜಿಗ.

ಅದೇ ಗುಪ್ತ ಮೆನುವಿನಲ್ಲಿ ಇನ್ನೊಂದು ಸಾಲಿದೆ. ಫೋನು ಯಾವ ಪೀಳಿಗೆಯ ನೆಟ್‌ವರ್ಕ್ ಹಿಡಿಯಬೇಕು ಅಂತ ಆರಿಸುವ ಪಟ್ಟಿ. ನಮ್ಮ ಹಾಳೆಯ ಒಂಬತ್ತನೇ ಸಾಲು ಅದರದ್ದು. ಬರೆದಿದ್ದು ಹೀಗೆ: ‘ನೆಟ್ ಪದೇಪದೇ 2ಜಿಗೆ ಬೀಳ್ತಿದ್ರೆ 4636 ಒತ್ತಿ, ಎಲ್‌ಟಿಇ ಓನ್ಲಿ ಹಾಕು. ಆಮೇಲೆ ಬೀಳಲ್ಲ.’ ಕೆಳಗೆ ಮೂವರ ಸಹಿ, ಡಾಕ್ಟರುಗಳ ಹಾಗೆ. ಹಾಸ್ಟೆಲಿನಲ್ಲಿ ಅದರಿಂದ ಯಾರಿಗೂ ಏನೂ ತೊಂದರೆ ಆಗಲಿಲ್ಲ. ಆಗುವುದಾದರೂ ಹೇಗೆ? ಟವರ್ ಇರುವುದು ಮೆಸ್ಸಿನ ಹಿಂದೆ.

ಜುಲೈ ತಿಂಗಳ ಒಂದು ರಾತ್ರಿ ಒಂಬತ್ತೂವರೆಗೆ ಸಾಗರದವನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಅವನ ಊರಿನ ಪಕ್ಕದ ಮನೆಯವರು. ಅಪ್ಪಯ್ಯ ಅಂಗಳದಲ್ಲಿ ಜಾರಿ ಬಿದ್ದಿದ್ದಾರೆ, ಕಾಲು ಮುರಿದಿದೆ, ಸಾಗರದ ಆಸ್ಪತ್ರೆಗೆ ಸೇರಿಸಿದ್ದೇವೆ, ಗಾಬರಿ ಬೇಡ. ಬಿದ್ದಿದ್ದು ಯಾವಾಗ ಅಂತ ಇವನು ಕೇಳಿದ. ಸಂಜೆ ಐದರ ಸುಮಾರಿಗೆ ಅಂದರು. ನಾಲ್ಕೂವರೆ ಗಂಟೆ ಆಗಿದೆ, ನನಗೆ ಯಾಕೆ ಯಾರೂ ಹೇಳಲಿಲ್ಲ ಅಂತ ಇವನು ರೇಗಿದ. ಆ ಕಡೆಯಿಂದ ಉತ್ತರ: ನಿನ್ನ ಅಮ್ಮನ ಫೋನಿಗೆ ಟವರ್ ಇರಲಿಲ್ಲ ಮಾರಾಯ.

ಪೂರ್ತಿ ವಿಷಯ ತಿಳಿದಿದ್ದು ಮರುದಿನ. ಮಲೆನಾಡಿನಲ್ಲಿ ಮಳೆಗಾಲದ ಅಂಗಳ ಹೇಗಿರುತ್ತೆ ಅಂತ ನಮ್ಮಲ್ಲಿ ಉಳಿದಿಬ್ಬರಿಗೆ ಆಗ ಗೊತ್ತಿರಲಿಲ್ಲ. ಪಾಚಿ ಕಟ್ಟಿ ಗಾಜಿನ ಹಾಗೆ ಆಗುತ್ತದೆ. ನಡೆಯೋಕೆ ಅಂತ ಅಡಿಕೆ ದಬ್ಬೆ ಹಾಸಿರುತ್ತಾರೆ. ಆ ದಬ್ಬೆ ತಪ್ಪಿ ಒಂದು ಹೆಜ್ಜೆ ಆಚೆ ಇಟ್ಟಿದ್ದಾರೆ, ಅಷ್ಟೆ. ಅವರ ಕೀಪ್ಯಾಡ್ ಫೋನು ಅಂಗಿ ಜೇಬಿನಲ್ಲಿತ್ತು, ಬಿದ್ದಾಗ ನೀರಿನಲ್ಲಿ ನೆನೆದು ಸತ್ತಿತು. ಅಮ್ಮ ಹೇಗೋ ಅವರನ್ನು ಎಳೆದು ಒಳಗೆ ತಂದು ಮಲಗಿಸಿ ತಮ್ಮ ಸ್ಮಾರ್ಟ್‌ಫೋನು ತೆಗೆದರೆ ‘ನೋ ಸರ್ವೀಸ್’. ಲ್ಯಾಂಡ್‌ಲೈನ್ ತೆಗೆಸಿ ವರ್ಷಗಳಾಗಿವೆ. ಆ ಜಡಿಮಳೆಯಲ್ಲಿ ನೋವಿನಿಂದ ಕೂಗುತ್ತಿದ್ದ ಗಂಡನನ್ನು ಒಬ್ಬರನ್ನೇ ಬಿಟ್ಟು, ಅರ್ಧ ಕಿಲೋಮೀಟರ್ ತೋಟದ ದಾರಿಯಲ್ಲಿ ಪಕ್ಕದ ಮನೆಗೆ ಓಡಿದ್ದಾರೆ. ಅವರ ಓಮ್ನಿ ಬಂದು, ಜನ ಸೇರಿ, ಅಪ್ಪಯ್ಯನನ್ನು ಎತ್ತಿ ಹಾಕುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು.

ಇಲ್ಲಿ ಒಂದು ಮಾತು. ‘ನೋ ಸರ್ವೀಸ್’ ಎಂದು ತೋರಿಸುವಾಗಲೂ ಬೇರೆ ಯಾವುದಾದರೂ ಕಂಪನಿಯ ಟವರ್ ಸಿಕ್ಕರೆ ಅದರ ಮೂಲಕ ತುರ್ತು ಕರೆ ಹೋಗಲಿ ಅಂತ ಮೊಬೈಲ್ ಮಾನದಂಡದಲ್ಲೇ ವ್ಯವಸ್ಥೆ ಇದೆ. ಹಾಗಾಗಿ ಕಡ್ಡಿ ಇಲ್ಲದಿದ್ದರೂ 112 ಒತ್ತಿ ನೋಡಬೇಕು. ಪಠ್ಯದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದವರು ನಾವು. ಮನೆಯಲ್ಲಿ ಯಾರಿಗೂ ಹೇಳಿಕೊಟ್ಟವರಲ್ಲ.

ಸಾಗರದವನು ಆ ರಾತ್ರಿಯೇ ಬಸ್ಸು ಹತ್ತಿದ. ವಾರದ ನಂತರ, ಅಪ್ಪಯ್ಯ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ಶನಿವಾರ ಭಾನುವಾರ ಸೇರಿಸಿ ಉಳಿದವರೂ ಹೋದೆವು. ನೋಡಿಕೊಂಡು ಬರೋದು ಒಂದು. ಇನ್ನೊಂದು, ಟವರಿನವರಿಗೆ ಬುದ್ಧಿ ಕಲಿಸೋದು. ರಾತ್ರಿ ಬಸ್ಸಿನಲ್ಲಿ ಕೂತು ಕಂಪನಿಗೆ ಕಳಿಸಲು ಎರಡು ಪುಟದ ದೂರು ಟೈಪ್ ಮಾಡಿದೆವು. ಎಷ್ಟು ಸಿಟ್ಟಿತ್ತು ಅಂದರೆ ಅದರಲ್ಲಿ ‘ಅಮಾನವೀಯ’ ಅನ್ನೋ ಪದ ಮೂರು ಸಲ ಬಂದಿತ್ತು. ಆ ಸಿಟ್ಟು ಸುಮ್ಮನೆ ಬಂದಿದ್ದೂ ಅಲ್ಲ. ಕೊರೊನಾ ಕಾಲದಲ್ಲಿ ಸಾಗರದವನು ಆನ್‌ಲೈನ್ ಪಾಠ ಕೇಳಿದ್ದು ಮನೆ ಹಿಂದಿನ ಗುಡ್ಡದ ಮೇಲೆ, ಕೊಡೆ ಹಿಡಿದುಕೊಂಡು. ಮಲೆನಾಡಿನ ಎಷ್ಟು ಮಕ್ಕಳು ಹಾಗೆ ಓದಿದರು ಅಂತ ಆಗಿನ ಪತ್ರಿಕೆ ನೋಡಿದವರಿಗೆಲ್ಲ ಗೊತ್ತು. ಆಮೇಲೆ ಕಣಿವೆಯ ಆಚೆ ದಿಬ್ಬದ ಮೇಲೆ ಒಂದು ಟವರ್ ಬಂತು. ಬಂದರೂ ಇದೇ ಹಣೆಬರಹ ಅಂದರೆ ಯಾರಿಗೆ ಸಿಟ್ಟು ಬರಲ್ಲ?

ಮನೆ ತಲುಪಿದಾಗ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಅಮ್ಮ “ಬನ್ನಿ ಬನ್ನಿ, ಕೈಕಾಲು ತೊಳ್ಕಳಿ, ದಬ್ಬೆ ಮೇಲೇ ಬನ್ನಿ ಮತ್ತೆ” ಅಂತ ಎರಡು ಸಲ ಹೇಳಿದರು. ಅಪ್ಪಯ್ಯ ಜಗಲಿಯ ಮಂಚದ ಮೇಲೆ, ಕಾಲಿನ ಕೆಳಗೆ ಎರಡು ದಿಂಬು. ಕಾಫಿ ಕುಡಿಯುತ್ತ ನಾವು ಟವರಿನ ವಿಷಯ ತೆಗೆದರೆ ಅಮ್ಮ ಅದನ್ನು ದೊಡ್ಡದು ಮಾಡಲಿಲ್ಲ. “ಮಳೆಗಾಲ ಅಲ್ವಾ, ಸಿಗ್ನಲ್ ಎಲ್ಲಿರ್ತದೆ” ಅಂದರು. ಮಳೆ ಶುರುವಾದಾಗಿಂದ ಹಾಗೇ ಅಂತೆ. ಬೇಸಿಗೆಯಲ್ಲಿ ಅಂಗಳದಲ್ಲೋ ಜಗಲಿಯಲ್ಲೋ ಇದ್ದಾಗ ಫೋನ್ ಬರುತ್ತಿತ್ತು, ಈಗ ಒಳಗೇ ಇರುವುದರಿಂದ ಬರುವುದಿಲ್ಲ.

ಮಳೆ ಅಂದ ಕೂಡಲೇ ಮಂಡ್ಯದವನೊಳಗಿನ ರ‍್ಯಾಂಕ್ ಸ್ಟೂಡೆಂಟ್ ಎದ್ದು ಕೂತ. ಮೊಬೈಲ್ ಬಳಸುವ ಒಂದೆರಡು ಗಿಗಾಹರ್ಟ್ಸ್ ಅಲೆಗಳಿಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಮಳೆ ನಿಜವಾಗಿ ನುಂಗುವುದು 10 ಗಿಗಾಹರ್ಟ್ಸ್ ಮೇಲಿನ ಅಲೆಗಳನ್ನು. ಟವರಿಂದ ಟವರಿಗೆ ಇರುವ ಮೈಕ್ರೋವೇವ್ ಕೊಂಡಿಗೆ ಅದರಿಂದ ಏಟು ಬೀಳಬಹುದು. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿಯಬಹುದು. ಒದ್ದೆ ಎಲೆ, ಒದ್ದೆ ಗೋಡೆ ಸಿಗ್ನಲ್ ಕುಡಿಯಬಹುದು. ಆದರೆ ಬರೀ ಮಳೆ? ಇವನ ಪಾಠ ಮುಗಿಯುವ ಹೊತ್ತಿಗೆ ಅಮ್ಮ ದೋಸೆ ಹಿಟ್ಟು ನೋಡಲು ಒಳಗೆ ಹೋಗಿಯಾಗಿತ್ತು.

ನಾವು ಕೆಲಸಕ್ಕೆ ಇಳಿದೆವು. ದೂರಿಗೆ ದಾಖಲೆ ಬೇಕಲ್ಲ. ಅಮ್ಮನ ಫೋನ್ ಹಿಡಿದು ಅಂಗಳ, ಜಗಲಿ, ನಡುಮನೆ, ಅಡುಗೆಮನೆ ಅಂತ ಹೆಜ್ಜೆಹೆಜ್ಜೆಗೆ ನಿಂತು, ಉಚಿತ ಆ್ಯಪ್ ಒಂದರಲ್ಲಿ ಸಂಖ್ಯೆ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಅಂಗಳದಲ್ಲಿ ಮೈನಸ್ 104. ಜಗಲಿಯಲ್ಲಿ 109. ನಡುಮನೆಯಲ್ಲಿ 117. ಅಡುಗೆಮನೆಯ ಬಾಗಿಲಲ್ಲಿ 121, ಎರಡು ಹೆಜ್ಜೆ ಒಳಗಿಟ್ಟರೆ ಸೇವೆಯೇ ಇಲ್ಲ. ಅಂಗಳದಿಂದ ಅಡುಗೆಮನೆ ಬಾಗಿಲಿಗೆ 17 ಡಿಬಿ ಇಳಿತ, ಅಂದರೆ ಶಕ್ತಿಯಲ್ಲಿ ಐವತ್ತು ಪಾಲಿನಲ್ಲಿ ಒಂದು. ಕಾರಣವೂ ಕಣ್ಣೆದುರಿಗೇ ಇತ್ತು. ಹಳೇ ಮನೆ, ಮೊಳಕ್ಕೂ ದಪ್ಪದ ಮಣ್ಣಿನ ಗೋಡೆ. ಟವರ್ ಇರುವ ದಿಕ್ಕಿಗೆ ಸರಿಯಾಗಿ ಅಡಿಕೆ ಬೇಯಿಸುವ ಒಲೆಗೆ ಹಾಕಿದ ತಗಡಿನ ಮಾಡು. ಅಲೆಗೆ ಮಣ್ಣು ಒಂದು ತೊಂದರೆಯಾದರೆ ತಗಡು ಕನ್ನಡಿಯೇ. ಇಷ್ಟೂ ಬರೆದು, ದೂರಿಗೆ ಒಂದು ಪಟ್ಟಿ ಲಗತ್ತಿಸಬಹುದು ಅಂತ ಖುಷಿಯಾದೆವು.

ದೋಸೆಗೆ ಕರೆದರು. ಅಡುಗೆಮನೆಯಲ್ಲೇ ಮಣೆ ಹಾಕಿ ಕೂತಿದ್ದೆವು. ಗದಗಿನವನು ಎರಡನೇ ದೋಸೆಗೆ ಕೈ ಹಾಕಿದ್ದ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ರಿಂಗಾಯಿತು.

ಅವನು ಸಹಜವಾಗಿ ಎತ್ತಿ, “ಹೂಂ ಅವ್ವಾ, ಮುಟ್ಟೀವಿ, ಉಣ್ಣಾಕ ಕುಂತೀವಿ” ಅಂತ ಶುರುಮಾಡಿದ. ಎರಡು ಮಾತಾಡಿದ ಮೇಲೆ ಅವನಿಗೇ ಹೊಳೆದು ಬಾಯಲ್ಲಿದ್ದ ದೋಸೆ ಅಲ್ಲೇ ನಿಂತಿತು. ಉಳಿದ ನಾವೆಲ್ಲ ಅವನನ್ನೇ ನೋಡುತ್ತಿದ್ದೆವು. ಅಮ್ಮ ಸೌಟು ಹಿಡಿದು ನಿಂತಿದ್ದರು.

“ನಂದ್ರಾಗ ಬರಾಕತ್ತೈತಿ ನೋಡಲೇ” ಅಂದ.

ಅಮ್ಮನ ಸಿಮ್ ಯಾವ ಕಂಪನಿಯದೋ ಅವನದೂ ಅದೇ. ಅದೇ ಟವರ್, ಅದೇ ಗೋಡೆ, ಅದೇ ಮಳೆ. ಮಂಡ್ಯದವನು ಮೆಲ್ಲಗೆ, “ಅಂಗಾದ್ರೆ ಟವರ್ದಲ್ಲ ಕಣ್ಲಾ ತಪ್ಪು” ಅಂದ. ಆಗಲೇ ನಮಗೆ ಇನ್ನೊಂದು ನೆನಪಾಗಿದ್ದು: ಅಪ್ಪಯ್ಯನ ಕೀಪ್ಯಾಡ್ ಫೋನಿಗೆ ಮನೆಯೊಳಗೆ ಯಾವತ್ತೂ ಸಿಗ್ನಲ್ ಇರುತ್ತಿತ್ತು. ಸಾಗರದವನೇ ಎಷ್ಟೋ ಸಲ ಹೇಳಿ, ಹಳೇ ಫೋನ್ ಅಂದ್ರೆ ಹಳೇ ಫೋನೇ ಅಂತ ನಗಾಡಿದ್ದ. ಸುಳಿವು ಬಾಯಿಬಿಟ್ಟು ಹೇಳುತ್ತಿದ್ದರೂ ನಾವು ಅದನ್ನು ಜೋಕ್ ಅಂತ ತಗೊಂಡಿದ್ದೆವು.

ಹಾಸ್ಟೆಲಿನಲ್ಲಿ ಅಪರಿಚಿತರ ಫೋನಿಗೆ ಮೊದಲ ಐದು ನಿಮಿಷದಲ್ಲಿ ಮಾಡುತ್ತಿದ್ದ ಪರೀಕ್ಷೆಯನ್ನು ಇಲ್ಲಿ ಅಲ್ಲಿಯವರೆಗೂ ಮಾಡಿರಲೇ ಇಲ್ಲ ಅನ್ನುವುದು ಈಗ ಯೋಚಿಸಿದರೆ ನಾಚಿಕೆ. ಸಿಮ್, ಫೋನು, ಟವರು. ಆರೋಪಿಗಳು ಇರುವುದೇ ಮೂವರು. ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟರೆ ಯಾರು ಅಂತ ತಿಳಿಯುತ್ತೆ. ಆದರೆ ನಾವು ಬಸ್ಸು ಹತ್ತುವ ಮೊದಲೇ ತೀರ್ಪು ಬರೆದಾಗಿತ್ತು.

ಸಿಮ್ ತೆಗೆಯುವ ಪಿನ್ನು ರೂಮಿನಲ್ಲೇ ಉಳಿದಿತ್ತು. ಅಮ್ಮ ಕಿವಿಯೋಲೆ ಬಿಚ್ಚಿ ಕೊಟ್ಟರು. ಅದರ ಕಡ್ಡಿ ಸರಿಯಾಗಿ ಹಿಡಿಯಿತು. “ತೆಗೆದ್ರೆ ನಂಬರ್ ಹೋಗ್ತದಾ?” ಅಂತ ಎರಡು ಸಲ ಕೇಳಿದರು. ಅವರ ಸಿಮ್ ಗದಗಿನವನ ಫೋನಿಗೆ ಹಾಕಿದೆವು. ಅಡುಗೆಮನೆಯಲ್ಲಿ ಎರಡು ಕಡ್ಡಿ, ಕರೆ ಬಂತು. ಅವನ ಸಿಮ್ ಅಮ್ಮನ ಫೋನಿಗೆ ಹಾಕಿದೆವು. ಸೇವೆ ಇಲ್ಲ. ಟವರ್ ಬಿಡುಗಡೆ, ಸಿಮ್ ಬಿಡುಗಡೆ, ಉಳಿದಿದ್ದು ಫೋನು.

“ಹಳೇದಾಯ್ತು ಬಿಡು ಅಮ್ಮಾ, ಆಂಟೆನಾ ಹೋಗಿರ್ತದೆ, ಹೊಸಾದು ತಗಳನ” ಅಂದ ಸಾಗರದವನು. ಅವನ ದನಿಯಲ್ಲಿ ಒಂದು ನಿರಾಳ ಇತ್ತು. ಮಂಡ್ಯದವನು ಮಾತ್ರ ಅಮ್ಮನ ಫೋನಿನಲ್ಲಿ 4636 ಒತ್ತಿ ಕೆಳಗೆ ಜರುಗಿಸುತ್ತ ಹೋದ. ಒಂದು ಕಡೆ ನಿಂತ. ಏನೂ ಹೇಳದೆ ಫೋನನ್ನು ನಮ್ಮ ಕಡೆ ತಿರುಗಿಸಿದ.

ಎಲ್‌ಟಿಇ ಓನ್ಲಿ.

ಸ್ವಲ್ಪ ಹೊತ್ತು ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆ ಫೋನಿನ ಮಾಮೂಲಿ ಸೆಟ್ಟಿಂಗ್ಸ್‌ನಲ್ಲಿ ಈ ಆಯ್ಕೆ ಕಾಣುವುದೇ ಇಲ್ಲ. ಗುಪ್ತ ಮೆನು ಗೊತ್ತಿದ್ದವರೇ ಹಾಕಬೇಕು. ಆ ಮನೆಗೆ ಬಂದುಹೋಗುವವರಲ್ಲಿ ಅದು ಗೊತ್ತಿದ್ದವನು ಒಬ್ಬನೇ. ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಇಂಟರ್ನ್‌ಶಿಪ್‌ಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಅವನ ಸಿಮ್ಮಿನ ಕಂಪನಿಗೆ ಅಲ್ಲಿ ಟವರ್ ಇಲ್ಲ, ಅಮ್ಮನ ಫೋನಿನ ಹಾಟ್‌ಸ್ಪಾಟ್ ಬಳಸಿದ. ಅದು ಮಧ್ಯೆ ಮಧ್ಯೆ 2ಜಿಗೆ ಬೀಳುತ್ತಿತ್ತು. ಆಗ ಅವನು ಮಾಡಿದ್ದು ನಮ್ಮ ಹಾಳೆಯ ಒಂಬತ್ತನೇ ಸಾಲು. ಇಂಟರ್‌ವ್ಯೂ ಚೆನ್ನಾಗಿ ಆಯ್ತು, ಇಂಟರ್ನ್‌ಶಿಪ್ಪೂ ಸಿಕ್ಕಿತು, ನಾವು ಮೂವರೂ ಪಾರ್ಟಿ ಮಾಡಿದೆವು. ವಾಪಸ್ ಹಾಕಬೇಕು ಅಂತ ಆ ಸಾಲಿನಲ್ಲಿ ನಾವು ಬರೆದಿರಲಿಲ್ಲ. ಕೆಲವು ಫೋನುಗಳು ರೀಸ್ಟಾರ್ಟ್ ಮಾಡಿದರೆ ತಾವೇ ಹಳೆಯದಕ್ಕೆ ಮರಳುತ್ತವೆ. ಇದು ಮರಳಿರಲಿಲ್ಲ.

ಆಗಿದ್ದೇನು ಅಂದರೆ, ಆ ದಿಬ್ಬದ ಟವರಿನಲ್ಲಿ 4ಜಿ ಬರುತ್ತಿದ್ದುದು 1800 ಮೆಗಾಹರ್ಟ್ಸ್‌ನಲ್ಲಿ, 2ಜಿ 900ರಲ್ಲಿ. ಫ್ರೀಸ್ ಸಮೀಕರಣ ನೆನಪಿದೆಯಲ್ಲ? ಆವರ್ತನ ಎರಡು ಪಟ್ಟಾದರೆ 6 ಡಿಬಿ ಹೆಚ್ಚು ನಷ್ಟ, ಅಂದರೆ ತಲುಪುವುದು ಕಾಲು ಭಾಗ. ಅದು ಬಯಲಿನ ಲೆಕ್ಕ. ದಿಬ್ಬ ಬಳಸಿ, ತೋಟ ತೂರಿ, ಮಣ್ಣಿನ ಗೋಡೆ ದಾಟಿ ಬರುವಾಗ ಉದ್ದದ ಅಲೆಗೆ ಇನ್ನೂ ಅನುಕೂಲ ಹೆಚ್ಚು. 2ಜಿಯ ಆ ಬಡಪಾಯಿ ಅಲೆ ಅಡುಗೆಮನೆಯವರೆಗೂ ಬರುತ್ತಿತ್ತು. ಗದಗಿನವನ ಫೋನು 4ಜಿ ಸಿಗದಿದ್ದಾಗ ಅದನ್ನು ಹಿಡಿಯುತ್ತಿತ್ತು. ಅಪ್ಪಯ್ಯನ ಕೀಪ್ಯಾಡಿಗೆ ಅದು ಬಿಟ್ಟು ಬೇರೆ ಗೊತ್ತೇ ಇರಲಿಲ್ಲ. ಅಮ್ಮನ ಫೋನಿಗೆ ಮಾತ್ರ, ಅದು ಎದುರಿಗಿದ್ದರೂ ನೋಡಬಾರದು ಅಂತ ನಾವು ಆಜ್ಞೆ ಮಾಡಿದ್ದೆವು. ಅಂಗಳದಲ್ಲಿ 4ಜಿ ಇರುವಷ್ಟು ದಿನ ಕರೆಗಳು ವೋಎಲ್‌ಟಿಇ ಮೂಲಕ 4ಜಿಯಲ್ಲೇ ಬರುತ್ತಿದ್ದವು, ಯಾರಿಗೂ ಏನೂ ತಿಳಿಯಲಿಲ್ಲ. ಮಳೆ ಬಂದು ಅವರು ಒಳಗೆ ಹೋದರು, ಅಷ್ಟೆ.

ಪಟ್ಟಿ ತೆರೆದು ಮೊದಲಿನ ಹಾಗೆ ಎಲ್ಲ ಪೀಳಿಗೆಯನ್ನೂ ಹಿಡಿಯುವ ಆಟೋ ಆಯ್ಕೆ ಹಾಕಿದೆವು. ಸಿಮ್ ವಾಪಸ್. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಮೂಲೆಯಲ್ಲಿ ಪುಟ್ಟದಾಗಿ ‘ಇ’ ಅನ್ನೋ ಇಂಗ್ಲಿಷ್ ಅಕ್ಷರ, ಎಡ್ಜ್ ನೆಟ್‌ವರ್ಕಿನ ಗುರುತು. ಹಾಸ್ಟೆಲಿನಲ್ಲಿ ಅದನ್ನು ಕಂಡರೆ ಹಲ್ಲು ಕಡಿಯುವ ನಾವು ಅವತ್ತು ಅದನ್ನೇ ನೋಡುತ್ತ ನಿಂತೆವು. 2ಜಿಯ ಬಲ ಮೈನಸ್ 95 ತೋರಿಸುತ್ತಿತ್ತು. (ಇದನ್ನು 4ಜಿಯ ಸಂಖ್ಯೆಯ ಪಕ್ಕ ಇಟ್ಟು ಹೋಲಿಸಬೇಡಿ. ಅಲ್ಲಿ ಅಳೆಯುವುದು 15 ಕಿಲೋಹರ್ಟ್ಸ್‌ನ ಒಂದು ಎಳೆ, ಇಲ್ಲಿ 200 ಕಿಲೋಹರ್ಟ್ಸ್‌ನ ಇಡೀ ಚಾನೆಲ್. ವೈವಾದಲ್ಲಿ ಕೇಳುತ್ತಾರೆ.) ಜಗಲಿಯಿಂದ ಗದಗಿನವನು ಕರೆ ಮಾಡಿದ. ಅಡುಗೆಮನೆಯಲ್ಲಿ ಫೋನು ರಿಂಗಾಯಿತು. ಯಾರು ಮಾಡುತ್ತಿದ್ದಾರೆ ಅಂತ ಗೊತ್ತಿದ್ದರೂ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಎತ್ತಿ, “ಹಲೋ, ಯಾರು ಮಾತಾಡದು?” ಅಂದರು.

ಇಲ್ಲಿಗೆ ಮುಗಿದಿದ್ದರೆ ಒಳ್ಳೇದಿತ್ತು. ಅಪ್ಪಯ್ಯ ಜಗಲಿಯಿಂದ ಕೂಗಿ ಕೇಳಿದರು, ಎಂತ ಆಗಿತ್ತು ಅಂತ. ಸೆಟ್ಟಿಂಗ್ ತಪ್ಪಾಗಿತ್ತು ಅಂದೆವು. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೂ ಅದಕ್ಕೇ. ಆಗ ಅಮ್ಮ ಒಳಗಿನಿಂದ, “ನಾನೇ ಎಂತೋ ಒತ್ತಿಬಿಟ್ಟಿದ್ದೆ ಕಾಣ್ತದೆ. ಆವತ್ತಿಂದ ನನಗದೇ ತಲೇಲಿ. ಕೈ ಒದ್ದೆ ಇದ್ದಾಗ ಫೋನ್ ಮುಟ್ಟಬೇಡ ಅಂತ ಇವರು ಎಷ್ಟು ಸಲ ಹೇಳಿದ್ರು” ಅಂದರು.

ಒಂದು ವಾರದಿಂದ ಅವರು ಹಾಗೆ ಅಂದುಕೊಂಡಿದ್ದರು. ಗಂಡ ನೋವಿನಲ್ಲಿ ಒಂದು ಗಂಟೆ ಬಿದ್ದಿರುವಂತಾಗಿದ್ದು ತನ್ನ ಒದ್ದೆ ಕೈಯಿಂದ ಅಂತ.

ಸಾಗರದವನು ಎದ್ದು ಹೋಗಿ ಮಂಚದ ಪಕ್ಕ ನಿಂತು ಹೇಳಿದ. ಅವನ ಹಿಂದೆ ನಾವೂ ಹೋಗಿ ನಿಂತೆವು, ಆ ಸಾಲು ಬರೆದಿದ್ದು ಮೂವರೂ ಸೇರಿ ಅಂತ ಹೇಳಿದೆವು. ಇಂಟರ್‌ವ್ಯೂ, ಹಾಟ್‌ಸ್ಪಾಟ್, ಎಲ್ಲ. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡರು. ಕವಳದ ತಟ್ಟೆ ಹತ್ತಿರ ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಳ್ಳುವವರೆಗೆ ಮಾತಾಡಲಿಲ್ಲ. ಆಮೇಲೆ, “ಕೆಲಸ ಆದ್ಮೇಲೆ ಕತ್ತಿನ ವಾಪಸ್ ಅದರ ಜಾಗದಲ್ಲಿ ಇಡು ಅಂತ ಸಣ್ಣಿದ್ದಾಗಿಂದ ಹೇಳಿದೀನಿ ಮಾಣಿ ನಿಂಗೆ” ಅಂದರು. ಸಿಟ್ಟು ಅಂತ ಅನ್ನಿಸಲಿಲ್ಲ. ಸಿಟ್ಟು ಮಾಡಿದ್ದರೆ ನಮಗೆ ಸುಲಭ ಆಗುತ್ತಿತ್ತು. ಅಮ್ಮ ಮಾತ್ರ ಅವತ್ತು ಮಧ್ಯಾಹ್ನ ಮಗನಿಗೆ ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಸರಿಹೋದರು.

ಎರಡು ಪುಟದ ದೂರನ್ನು ವಾಪಸ್ ಬರುವ ಬಸ್ಸಿನಲ್ಲಿ ಅಳಿಸಿದೆವು. ಟವರ್ ಪೂರ್ತಿ ನಿರಪರಾಧಿ ಅಂತ ಅಲ್ಲ. ಅದೇ ದಿಬ್ಬದಲ್ಲಿ ಕೆಳ ಆವರ್ತನದ 4ಜಿಯೂ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೇನೋ. ಅದನ್ನು ಕೇಳುವ ಅರ್ಜಿ ಬೇರೆ, ಸಮಾಧಾನವಾಗಿ ಬರೆಯಬೇಕಾದದ್ದು. ನಮ್ಮ ನೋಟ್‌ಬುಕ್ಕಿನ ಸಂಖ್ಯೆಗಳು ಅದಕ್ಕೆ ಬಂದೇ ಬರುತ್ತವೆ. ಬರೆಯುತ್ತಿದ್ದೇವೆ. ‘ಅಮಾನವೀಯ’ ಇಲ್ಲ.

ಬಾಗಿಲ ಹಿಂದಿನ ಹಾಳೆ ಈಗಲೂ ಇದೆ. ಒಂಬತ್ತನೇ ಸಾಲಿಗೆ ಗೀಟು ಹಾಕಿದ್ದೇವೆ, ಓದಲು ಬರುವ ಹಾಗೇ. ಪಕ್ಕದಲ್ಲಿ ಒಂದು ನೋಟ್‌ಬುಕ್ ನೇತುಹಾಕಿದೆ. ಯಾರ ಫೋನಿನಲ್ಲಿ ಏನು ಬದಲಿಸಿದರೂ, ಮೊದಲು ಏನಿತ್ತು, ಈಗ ಏನು ಹಾಕಿದೆವು, ವಾಪಸ್ ಹಾಕಿದ್ದು ಯಾವತ್ತು ಅಂತ ಮೂರು ಕಾಲಂ. ಮೊದಲ ವಾರವೇ ಗೊತ್ತಾಗಿದ್ದು, ಹಿಂದೆ ಎಲ್‌ಟಿಇ ಓನ್ಲಿ ಹಾಕಿಕೊಟ್ಟಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಅದನ್ನೇ ಇಟ್ಟುಕೊಂಡು ಊರಿಗೆ ಹೋಗಿಬಂದಿದ್ದಾರೆ ಅಂತ. ಇನ್ನಿಬ್ಬರು ಪಾಸಾಗಿ ಹೋದರು, ನಂಬರ್ ಹುಡುಕುತ್ತಿದ್ದೇವೆ. ಈ ಪುಟ ಓದುತ್ತಿರುವವರಲ್ಲಿ ನಮ್ಮ ದವಾಖಾನೆಗೆ ಬಂದವರಿದ್ದರೆ, ದಯವಿಟ್ಟು ಒಮ್ಮೆ 4636 ಒತ್ತಿ ನೋಡಿಕೊಳ್ಳಿ. ನಿಮ್ಮದಷ್ಟೇ ಅಲ್ಲ, ರಜೆಯಲ್ಲಿ ನೀವು ಕೈಯಾಡಿಸಿದ ಮನೆಯವರ ಫೋನನ್ನೂ.

ಮೊನ್ನೆ ಮೆಸ್ಸಿನಲ್ಲಿ ಕೂತಿದ್ದಾಗ ಸಾಗರದಿಂದ ಕರೆ. ಅಡುಗೆಮನೆಯಿಂದಲೇ ಮಾಡಿದ್ದು, ಒಗ್ಗರಣೆ ಚಟಪಟ ನಮಗೂ ಕೇಳುತ್ತಿತ್ತು. ಅಪ್ಪಯ್ಯ ಕೋಲು ಹಿಡಿದು ತೋಟದ ತನಕ ನಡೆದಿದ್ದಾರೆ. ಅದು ಹೇಳಿ ಮುಗಿಸಿ ಅಮ್ಮ, “ಒಂದು ಕೇಳದಿತ್ತು ಮಾಣಿ. ನೀವು ಸರಿ ಮಾಡಿ ಹೋದ್ಮೇಲೆ ಜಗಲೀಲಿ ಕೂತ್ರೆ ವಿಡಿಯೋ ಮಧ್ಯೆ ಮಧ್ಯೆ ನಿಂತು ಸುತ್ತುತಾ ಇರ್ತದೆ. ಮೊದಲು ಹಂಗೆ ಆಗ್ತಿರಲಿಲ್ಲ” ಅಂದರು.

ಸಾಗರದವನು ಸ್ಪೀಕರ್ ಹಾಕಿ ನಮ್ಮನ್ನು ನೋಡಿದ. ನಾವು ತಟ್ಟೆ ಸರಿಸಿ, ಎರಡನ್ನೂ ವಿವರಿಸಿದೆವು. ಇದು ಹಾಕಿದ್ರೆ ಅದು ಹೋಗ್ತದೆ, ಅದು ಹಾಕಿದ್ರೆ ಇದು. ಅಮ್ಮ ಕೇಳಿಸಿಕೊಂಡು, ಹಾಗಾದ್ರೆ ಹೀಗೇ ಇರಲಿ ಬಿಡಿ, ವಿಡಿಯೋ ನಿಂತ್ರೆ ನಿಲ್ಲಲಿ ಅಂದು, ಸಾರು ಕುದೀತಿದೆ ಅಂತ ಫೋನಿಟ್ಟರು.